ಹಳೆ ಫೈಲು, ಹೊಸ ಬ್ರೌಸರ್: ನಿಮ್ಮ ಪ್ರಶ್ನೆ, ನನ್ನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರಿನವು. ಮೊದಲು ತೆರೆಯುತ್ತಿದ್ದದ್ದು ಈಗ ತೆರೆಯುತ್ತಿಲ್ಲ. ಫ್ಲ್ಯಾಶ್, ಜಾವಾ ಆ್ಯಪ್ಲೆಟ್, ಆ್ಯಕ್ಟಿವ್‌ಎಕ್ಸ್, ಸಿಲ್ವರ್‌ಲೈಟ್: ಹೆಸರು ಬೇರೆ ಬೇರೆ, ಕಥೆ ಒಂದೇ. ಬ್ರೌಸರ್‌ಗೆ ತಾನಾಗಿ ಬಾರದ ಅನಿಮೇಶನ್, ವಿಡಿಯೊ, ಆಟಗಳನ್ನು ಪುಟದಲ್ಲಿ ಓಡಿಸಲು ಹೊರಗಿನಿಂದ ಸೇರಿಸುತ್ತಿದ್ದ ಪ್ರೋಗ್ರಾಂಗಳು, ಅಂದರೆ ಪ್ಲಗ್-ಇನ್‌ಗಳ ಕಥೆ. ಹಾಗಾಗಿ ಮಿಕ್ಕ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನಷ್ಟೇ ತೆಗೆದುಕೊಂಡಿದ್ದೇನೆ. ಫ್ಲ್ಯಾಶ್‌ನಲ್ಲಿ ಮಕ್ಕಳ ಪಾಠಗಳನ್ನು ಮಾಡಿಯೇ ನಾನು ಬಹಳ ವರ್ಷ ಸಂಬಳ ತೆಗೆದುಕೊಂಡವಳು. ಈ ವಿಷಯ ನನಗೆ ತುಂಬಾ ಹತ್ತಿರದ್ದು. ಉತ್ತರ ಅಲ್ಲಲ್ಲಿ ಉದ್ದವಾದರೆ ಕಾರಣ ಅದೇ.

ಪ್ರಶ್ನೆ: ನಾನು ನಿವೃತ್ತ ವಿಜ್ಞಾನ ಶಿಕ್ಷಕಿ. ಹೃದಯ ಹೇಗೆ ಬಡಿಯುತ್ತದೆ, ಗ್ರಹಣ ಹೇಗೆ ಆಗುತ್ತದೆ ಅಂತ ತೋರಿಸುವ ಅನಿಮೇಶನ್ ಪಾಠಗಳ ಸಿಡಿ ನನ್ನ ಹತ್ತಿರ ಇದೆ. ಮೊದಲು ಫೈಲನ್ನು ಬ್ರೌಸರ್‌ಗೆ ಎಳೆದು ಹಾಕಿದರೆ ಓಡುತ್ತಿತ್ತು. ಈಗ ಬರೀ ಡೌನ್‌ಲೋಡ್ ಆಗುತ್ತದೆ. ಒಂದು ವೆಬ್‌ಸೈಟ್ ‘ನಿಮ್ಮ ಫ್ಲ್ಯಾಶ್ ಪ್ಲೇಯರ್ ಹಳೆಯದಾಗಿದೆ, ಈಗಲೇ ಅಪ್‌ಡೇಟ್ ಮಾಡಿ’ ಎನ್ನುತ್ತಿದೆ. ಮಾಡಲೇ?

ಉತ್ತರ: ಬೇಡ ಮೇಡಂ, ದಯವಿಟ್ಟು ಅದನ್ನು ಒತ್ತಬೇಡಿ. ಅಡೋಬಿ ಕಂಪನಿ ಫ್ಲ್ಯಾಶ್ ಪ್ಲೇಯರ್‌ಗೆ ಕೊಡುತ್ತಿದ್ದ ಬೆಂಬಲವನ್ನು 2020ರ ಡಿಸೆಂಬರ್ 31ಕ್ಕೆ ಮುಗಿಸಿತು. 2021ರ ಜನವರಿ 12ರಿಂದ, ಆಗಲೇ ಕಂಪ್ಯೂಟರ್‌ನಲ್ಲಿ ಕೂತಿದ್ದ ಪ್ಲೇಯರ್ ಕೂಡ ಫೈಲು ಓಡಿಸಲು ಒಪ್ಪಲಿಲ್ಲ. ಆ ತಾರೀಖನ್ನು ಕೊನೆಕೊನೆಯ ಆವೃತ್ತಿಗಳ ಒಳಗೇ ಬರೆದಿಟ್ಟಿದ್ದರು. ಅಂದಮೇಲೆ ನಿಮಗೆ ಇವತ್ತು ಅಪ್‌ಡೇಟ್ ಕೊಡುತ್ತೇನೆ ಅನ್ನುವವರು ಅಡೋಬಿಯವರಲ್ಲ. ಕೊಡುವುದು ಏನು ಅನ್ನುವುದು ಅವರಿಗೇ ಗೊತ್ತು.

ಈ ಮೋಸ ಹೊಸದೇನಲ್ಲ. 2011ರಲ್ಲಿ ಮ್ಯಾಕ್ ಕಂಪ್ಯೂಟರ್‌ಗಳಿಗೆ ಅಂಟಿದ ಫ್ಲ್ಯಾಶ್‌ಬ್ಯಾಕ್ ಎಂಬ ಕುತಂತ್ರಾಂಶ ಮೊದಲು ಬಂದದ್ದು ಫ್ಲ್ಯಾಶ್ ಇನ್‌ಸ್ಟಾಲರ್ ವೇಷದಲ್ಲಿ. 2017ರ ಅಕ್ಟೋಬರ್‌ನಲ್ಲಿ ಬ್ಯಾಡ್ ರ್‍ಯಾಬಿಟ್ ಹರಡಿದ್ದೂ ಹೀಗೆಯೇ. ಜನ ನಂಬಿ ಓದುತ್ತಿದ್ದ ಸುದ್ದಿ ತಾಣಗಳಲ್ಲೇ ‘ಫ್ಲ್ಯಾಶ್ ಅಪ್‌ಡೇಟ್’ ಅನ್ನುವ ಪೆಟ್ಟಿಗೆ ಮೂಡುತ್ತಿತ್ತು. ಒತ್ತಿದವರ ಫೈಲುಗಳಿಗೆಲ್ಲ ಬೀಗ ಬೀಳುತ್ತಿತ್ತು, ಬೀಗದ ಕೈಗೆ ದುಡ್ಡು ಕೇಳುತ್ತಿದ್ದರು. ಇಷ್ಟು ವರ್ಷವಾದರೂ ಆ ಪೆಟ್ಟಿಗೆ ಕಾಣಿಸಿಕೊಳ್ಳುತ್ತಲೇ ಇದೆ. ನಿಮ್ಮ ಹಾಗೆ ಹಳೆಯದನ್ನು ಪ್ರೀತಿಯಿಂದ ಇಟ್ಟುಕೊಂಡವರೇ ಅದಕ್ಕೆ ಸಿಗುವುದು. ಅದು ನನಗೆ ನಿಜಕ್ಕೂ ಸಂಕಟ ತರುವ ವಿಷಯ.

ಈಗ ನಿಮ್ಮ ಪಾಠಗಳ ಮಾತು. ಅವು ಸತ್ತಿಲ್ಲ. ರಫಲ್ ಅಂತ ಒಂದು ಉಚಿತ ಪ್ರೋಗ್ರಾಂ ಇದೆ. ಅಡೋಬಿಯ ಪ್ಲೇಯರ್ ಇಲ್ಲದೆಯೇ ಅದು ಫ್ಲ್ಯಾಶ್ ಫೈಲನ್ನು ಓದಿ ಓಡಿಸುತ್ತದೆ. ರಸ್ಟ್ ಅನ್ನುವ ಭಾಷೆಯಲ್ಲಿ ಹೊಸದಾಗಿ ಬರೆದದ್ದು. ಹಳೆ ಪ್ಲೇಯರ್‌ನಲ್ಲಿ ಕಳ್ಳರು ನುಗ್ಗಲು ದಾರಿಯಾಗುತ್ತಿದ್ದ ಮೆಮೊರಿ ತೂತುಗಳ ಕಾಟ ಇದರಲ್ಲಿ ತೀರಾ ಕಡಿಮೆ. ಬ್ರೌಸರ್‌ಗೆ ಸೇರಿಸುವ ಎಕ್ಸ್‌ಟೆನ್ಶನ್ ಆಗಿಯೂ ಸಿಗುತ್ತದೆ, ಕಂಪ್ಯೂಟರ್‌ನಲ್ಲಿ ನೇರ ಓಡುವ ಪ್ರೋಗ್ರಾಂ ಆಗಿಯೂ ಸಿಗುತ್ತದೆ. ಸಿಡಿಗೆ ಎರಡನೆಯದೇ ಸರಿ. ಯಾಕೆ ಅಂತ ಹೇಳುತ್ತೇನೆ.

ನಾವು ಪಾಠದ ಸಿಡಿ ಮಾಡುವಾಗ ಮೊದಲ ಫೈಲಿನಲ್ಲಿ ಏನೂ ಇಡುತ್ತಿರಲಿಲ್ಲ. ಅದು ಬರೀ ಮೆನು. ಹೃದಯದ ಪಾಠ ಒಂದು ಫೈಲು, ಗ್ರಹಣದ್ದು ಇನ್ನೊಂದು. ಧ್ವನಿ ಬೇರೆ ಫೋಲ್ಡರಿನಲ್ಲಿ ಎಂಪಿ3 ಆಗಿ. ಪ್ರಶ್ನೋತ್ತರದ ಸಾಲುಗಳು ಒಂದು ಎಕ್ಸ್‌ಎಂಎಲ್ ಫೈಲಿನಲ್ಲಿ. ಮೆನು ಫೈಲು ಅಕ್ಕಪಕ್ಕದ ಫೋಲ್ಡರುಗಳನ್ನು ಹುಡುಕಿಕೊಂಡು ಹೋಗಿ ಬೇಕಾದದ್ದನ್ನು ಎಳೆದು ತರುತ್ತಿತ್ತು. ಅದೊಂದನ್ನೇ ನಕಲು ಮಾಡಿಕೊಂಡರೆ ಬಟನ್‌ಗಳೆಲ್ಲ ಚೆಂದಾಗಿ ಕಾಣುತ್ತವೆ, ಒತ್ತಿದರೆ ಬಿಳಿ ಪರದೆ. ‘ಫೈಲು ಕೆಟ್ಟಿದೆ’ ಅಂತ ಎಷ್ಟೋ ಜನ ಅಲ್ಲಿಗೇ ಕೈಬಿಡುತ್ತಾರೆ. ಫೈಲು ಕೆಟ್ಟಿರುವುದಿಲ್ಲ, ಒಂಟಿಯಾಗಿರುತ್ತದೆ ಅಷ್ಟೇ. ಬ್ರೌಸರ್ ಒಳಗಿನ ರಫಲ್‌ಗೆ ಅಕ್ಕಪಕ್ಕದ ಫೋಲ್ಡರಿಗೆ ಕೈಹಾಕಲು ಬ್ರೌಸರ್ ಸುಲಭವಾಗಿ ಬಿಡುವುದಿಲ್ಲ. ಕಂಪ್ಯೂಟರ್‌ನಲ್ಲಿ ನೇರ ಓಡುವ ರಫಲ್ ನಿಮ್ಮನ್ನು ಕೇಳಿಕೊಂಡು ತೆರೆಯುತ್ತದೆ.

ಆದ್ದರಿಂದ ಮೊದಲು ಇಡೀ ಸಿಡಿಯನ್ನು ಒಂದು ಫೋಲ್ಡರಿಗೆ ನಕಲು ಮಾಡಿ. ಹೆಸರು ಬದಲಿಸಬೇಡಿ, ಒಳಗಿನ ಜೋಡಣೆ ಮುಟ್ಟಬೇಡಿ. ಇದನ್ನು ಇವತ್ತೇ ಮಾಡಿ. ಮನೆಯಲ್ಲಿ ಬರೆದ ಸಿಡಿಯಾದರೆ ಅದರ ಬಣ್ಣದ ಪದರ ಕಾಲ ಕಳೆದಂತೆ ಮಾಸುತ್ತದೆ. ಆಮೇಲೆ ಯಾವ ರಫಲ್ ಬಂದರೂ ಓದಲು ಏನೂ ಉಳಿದಿರುವುದಿಲ್ಲ.

ಓಡಿಸುವ ಮೊದಲೇ ಅಂದಾಜು ಬೇಕೆಂದರೆ ಒಂದು ಉಪಾಯ ಇದೆ. ಫೈಲನ್ನು ಯಾವುದಾದರೂ ಹೆಕ್ಸ್ ಎಡಿಟರ್‌ನಲ್ಲಿ, ಅಂದರೆ ಫೈಲಿನ ಒಂದೊಂದು ಬೈಟನ್ನೂ ತೋರಿಸುವ ಪ್ರೋಗ್ರಾಂನಲ್ಲಿ, ತೆರೆಯಿರಿ. ಮೊದಲ ಮೂರು ಬೈಟ್ ಇಂಗ್ಲಿಷ್ ಅಕ್ಷರಗಳು. ‘ಎಫ್‌ಡಬ್ಲ್ಯೂಎಸ್’ ಇದ್ದರೆ ಒತ್ತಿ ಚಿಕ್ಕದು ಮಾಡದ ಫೈಲು, ‘ಸಿಡಬ್ಲ್ಯೂಎಸ್’ ಇದ್ದರೆ ಒತ್ತಿದ್ದು. ‘ಝಡ್‌ಡಬ್ಲ್ಯೂಎಸ್’ ಇದ್ದರೆ ಕೊನೆಗಾಲದಲ್ಲಿ ಬಂದ, ಇನ್ನೂ ಜಾಸ್ತಿ ಒತ್ತುವ ಬಗೆ. ನಾಲ್ಕನೆಯ ಬೈಟ್ ಆವೃತ್ತಿಯ ಸಂಖ್ಯೆ. ನನ್ನದೊಂದು ಹಳೆ ಪಾಠ ತೆರೆದರೆ ‘43 57 53 08’ ಅಂತ ಕಾಣುತ್ತದೆ. ಅಂದರೆ ಒತ್ತಿದ ಫೈಲು, ಆವೃತ್ತಿ 8. ಆ ಸಂಖ್ಯೆ 08 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ನಿಶ್ಚಿಂತೆಯಿಂದಿರಿ. ಒಳಗಿರುವುದು ಫ್ಲ್ಯಾಶ್‌ನ ಕೋಡ್ ಭಾಷೆಯಾದ ಆ್ಯಕ್ಷನ್‌ಸ್ಕ್ರಿಪ್ಟ್‌ನ ಹಳೆಯ ರೂಪ. ಅದನ್ನು ರಫಲ್ ಚೆನ್ನಾಗಿ ಓಡಿಸುತ್ತದೆ. 09 ಮತ್ತು ಮೇಲಿನವುಗಳಲ್ಲಿ ಆ್ಯಕ್ಷನ್‌ಸ್ಕ್ರಿಪ್ಟ್ 3 ಇರಬಹುದು. ಅಂಥವು ಕೆಲವು ಓಡುತ್ತವೆ, ಕೆಲವು ನಡುವೆ ಮುಗ್ಗರಿಸುತ್ತವೆ. ರಫಲ್ ಮೇಲೆ ಕೆಲಸ ನಿಂತಿಲ್ಲ. ಈಗ ಓಡದ್ದನ್ನು ಎಸೆಯದೆ ಇಟ್ಟುಕೊಳ್ಳಿ, ಮುಂದಿನ ಆವೃತ್ತಿಗಳಲ್ಲಿ ಮತ್ತೆ ನೋಡಿ.

ಸಿಡಿ ಮಾಡಿದವರ ಪರಿಚಯ ನಿಮಗಿದ್ದರೆ ಮೂಲದ ಎಫ್‌ಎಲ್‌ಎ ಫೈಲು ಉಳಿದಿದೆಯಾ ಕೇಳಿ. ಫ್ಲ್ಯಾಶ್ ಫೈಲು ತಯಾರಿಸುವ ಸಾಫ್ಟ್‌ವೇರ್ ಫ್ಲ್ಯಾಶ್ ಪ್ರೊಫೆಶನಲ್ 2016ರಲ್ಲಿ ಅನಿಮೇಟ್ ಅಂತ ಹೆಸರು ಬದಲಿಸಿಕೊಂಡಿತು. ಅದರಲ್ಲಿ ಎಫ್‌ಎಲ್‌ಎ ತೆರೆದು, ಇವತ್ತಿನ ಬ್ರೌಸರ್ ಪ್ಲಗ್-ಇನ್ ಇಲ್ಲದೆ ಓದುವ ಎಚ್‌ಟಿಎಂಎಲ್5 ರೂಪಕ್ಕೆ ತರಬಹುದು. ಚಿತ್ರ, ಚಲನೆ ಬರುತ್ತವೆ. ಕೋಡ್ ಮಾತ್ರ ಕೆಲಸ ಮಾಡದ ಟಿಪ್ಪಣಿಯಾಗಿ ಉಳಿಯುತ್ತದೆ. ಅದನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಕೈಯಾರೆ ಮತ್ತೆ ಬರೆಯಬೇಕು. ಒಳ್ಳೆಯ ಪಾಠವಾದರೆ ಆ ಶ್ರಮ ಪಡಬಹುದು.

ಪ್ರಶ್ನೆ: ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ. ಒಂದು ಕಾಲದಲ್ಲಿ ಇಡೀ ವೆಬ್ ಫ್ಲ್ಯಾಶ್ ಮೇಲೆ ನಿಂತಿತ್ತು ಅಂತ ನಮ್ಮ ಪ್ರೊಫೆಸರ್ ಹೇಳಿದರು. ಅಷ್ಟು ದೊಡ್ಡದು ಬಿದ್ದದ್ದು ಹೇಗೆ? ಸ್ಟೀವ್ ಜಾಬ್ಸ್ ಒಬ್ಬರೇ ಕೊಂದರು ಅನ್ನುವುದು ನಿಜವೇ?

ಉತ್ತರ: ಒಬ್ಬರಿಂದ ಆಗುವ ಕೆಲಸ ಅಲ್ಲಪ್ಪ ಅದು. ಮೊದಲು ಪ್ಲಗ್-ಇನ್ ಯಾಕೆ ಹುಟ್ಟಿತು ನೋಡು. 1995ರಲ್ಲಿ ಬ್ರೌಸರ್‌ಗೆ ಅಕ್ಷರ ಗೊತ್ತು, ಚಿತ್ರ ಗೊತ್ತು. ವಿಡಿಯೊ ಗೊತ್ತಿಲ್ಲ, ಪಿಡಿಎಫ್ ಗೊತ್ತಿಲ್ಲ. ಆಗ ನೆಟ್‌ಸ್ಕೇಪ್ ಕಂಪನಿ ತನ್ನ ನ್ಯಾವಿಗೇಟರ್ 2 ಬ್ರೌಸರ್‌ನಲ್ಲಿ ಎನ್‌ಪಿಎಪಿಐ ಅನ್ನುವ ವ್ಯವಸ್ಥೆ ತಂದಿತು. ಪುಟದಲ್ಲಿ ಒಂದು ಚೌಕದ ಜಾಗ ಬಿಟ್ಟು, ‘ಇಲ್ಲಿ ನೀನೇ ಬರೆದುಕೋ’ ಅಂತ ಬೇರೆ ಪ್ರೋಗ್ರಾಂಗೆ ಒಪ್ಪಿಸುವುದು. ಮರುವರ್ಷ ಮೈಕ್ರೋಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಇಂಥದ್ದೇ ಕೆಲಸದ ಆ್ಯಕ್ಟಿವ್‌ಎಕ್ಸ್ ತಂದಿತು. ಅದೇ 1996ರಲ್ಲಿ ಫ್ಯೂಚರ್‌ವೇವ್ ಅನ್ನುವ ಚಿಕ್ಕ ಕಂಪನಿಯ ಫ್ಯೂಚರ್‌ಸ್ಪ್ಲ್ಯಾಶ್ ಬಂತು. ಅದನ್ನು ಮ್ಯಾಕ್ರೋಮೀಡಿಯಾ ಕೊಂಡು ಫ್ಲ್ಯಾಶ್ ಅಂತ ಕರೆಯಿತು. 2005ರಲ್ಲಿ ಮ್ಯಾಕ್ರೋಮೀಡಿಯಾವನ್ನೇ ಅಡೋಬಿ ಕೊಂಡಿತು. ಅದೇ ವರ್ಷ ಹುಟ್ಟಿದ ಯೂಟ್ಯೂಬ್ ವಿಡಿಯೊ ತೋರಿಸಿದ್ದು ಫ್ಲ್ಯಾಶ್‌ನಲ್ಲೇ.

ಫ್ಲ್ಯಾಶ್‌ನ ಜೀವಾಳ ವೆಕ್ಟರ್ ಚಿತ್ರ. ಪ್ರತಿ ಚುಕ್ಕಿಯನ್ನೂ ಕಳಿಸುವ ಬದಲು ‘ಇಲ್ಲಿಂದ ಅಲ್ಲಿಗೆ ಗೆರೆ, ಈ ಬಣ್ಣ’ ಅಂತ ಹೇಳಿ ಕಳಿಸುವುದು. ಫೋನ್ ಲೈನಿನ ಇಂಟರ್ನೆಟ್‌ನಲ್ಲೂ ಒಂದು ಕಾರ್ಟೂನ್ ಬಂದು ಓಡುತ್ತಿತ್ತು. ಆಗ ಅದು ಪವಾಡವೇ.

ಆದರೆ ಆ ಚೌಕದ ಜಾಗದಲ್ಲಿ ಕೂತ ಪ್ರೋಗ್ರಾಂ ಬ್ರೌಸರ್ ಮಾತು ಕೇಳುತ್ತಿರಲಿಲ್ಲ. ನಿನ್ನ ಹೆಸರಲ್ಲಿ, ನಿನಗಿರುವ ಎಲ್ಲ ಅಧಿಕಾರದೊಂದಿಗೆ ಅದು ಓಡುತ್ತಿತ್ತು. ನೀನು ಅಳಿಸಬಹುದಾದ ಫೈಲನ್ನು ಅದೂ ಅಳಿಸಬಹುದಿತ್ತು. ಪ್ಲಗ್-ಇನ್ ಬಿದ್ದರೆ ಬ್ರೌಸರನ್ನೂ ಎಳೆದುಕೊಂಡು ಬೀಳುತ್ತಿತ್ತು. ಅದರಲ್ಲೊಂದು ತೂತು ಸಿಕ್ಕಿದರೆ, ಪುಟ ತೆರೆದವರ ಕಂಪ್ಯೂಟರ್ ಬೇರೆಯವರ ಕೈಗೆ. ಅಡೋಬಿ ಸರಿಪಡಿಸುವುದು, ಜನ ಅಪ್‌ಡೇಟ್ ಮಾಡದೆ ಬಿಡುವುದು, ಕಳ್ಳರು ಆ ಸಂದಿನಲ್ಲಿ ನುಗ್ಗುವುದು, ಇದೇ ನಡೆಯುತ್ತಿತ್ತು. ಜಾವಾ ಆ್ಯಪ್ಲೆಟ್ ಕಥೆಯೂ ಇದೇ.

ಆ್ಯಪಲ್ ಕಂಪನಿಯ ಜಾಬ್ಸ್, ತಮ್ಮ ಐಫೋನಿನಲ್ಲಿ ಫ್ಲ್ಯಾಶ್ ಯಾಕೆ ಬೇಡ ಅಂತ 2010ರ ಏಪ್ರಿಲ್‌ನಲ್ಲಿ ಬರೆದ ಬಹಿರಂಗ ಪತ್ರವನ್ನು ನಮ್ಮ ಆಫೀಸಿನಲ್ಲಿ ಎಲ್ಲರೂ ಓದಿದ್ದೆವು. ಬ್ಯಾಟರಿ, ಭದ್ರತೆ, ಅಡೋಬಿಯೊಬ್ಬರ ಹಿಡಿತ ಅಂತ ಹಲವು ಕಾರಣ ಕೊಟ್ಟಿದ್ದರು. ಅದರಲ್ಲಿ ನನ್ನನ್ನು ತಟ್ಟಿದ್ದು ಒಂದೇ: ಫ್ಲ್ಯಾಶ್ ಮೌಸ್‌ಗಾಗಿ ಮಾಡಿದ್ದು, ಬೆರಳಿಗಾಗಿ ಅಲ್ಲ. ನಮ್ಮ ಪಾಠಗಳಲ್ಲಿ ಮಗು ಮೌಸನ್ನು ಹೃದಯದ ಒಂದು ಭಾಗದ ಮೇಲೆ ತಂದು ನಿಲ್ಲಿಸಿದರೆ ಆ ಭಾಗ ಬೆಳಗಿ ಹೆಸರು ಮೂಡುತ್ತಿತ್ತು. ಒತ್ತುವ ಮೊದಲೇ ಗೊತ್ತಾಗುತ್ತಿತ್ತು. ಪಾಠದ ಅರ್ಧ ಸೊಗಸು ಅದೇ. ಬೆರಳಿಗೆ ಒತ್ತುವುದು ಗೊತ್ತು, ಒತ್ತದೆ ಮೇಲೆ ನಿಲ್ಲುವುದು ಗೊತ್ತಿಲ್ಲ. ಫೋನಿನಲ್ಲಿ ಆ ಪಾಠ ತೆರೆದರೂ ಅದು ಪಾಠವಾಗಿ ಉಳಿಯುತ್ತಿರಲಿಲ್ಲ. 2011ರ ನವೆಂಬರ್‌ನಲ್ಲಿ ಅಡೋಬಿಯೇ ಫೋನಿನ ಬ್ರೌಸರ್‌ಗಳಿಗೆ ಫ್ಲ್ಯಾಶ್ ಮಾಡುವುದನ್ನು ಬಿಟ್ಟಿತು.

ಆಮೇಲೆ ಬ್ರೌಸರ್‌ಗಳೇ ಆ ಕೆಲಸ ಕಲಿತವು. ಎಚ್‌ಟಿಎಂಎಲ್5 2014ರ ಅಕ್ಟೋಬರ್‌ನಲ್ಲಿ ಅಧಿಕೃತ ಮಾನಕವಾಯಿತು. ಮೂರೇ ತಿಂಗಳಲ್ಲಿ, 2015ರ ಜನವರಿಯಲ್ಲಿ, ಯೂಟ್ಯೂಬ್ ಅದಕ್ಕೇ ಹೊರಳಿತು. ಆ ಸೆಪ್ಟೆಂಬರ್‌ನಲ್ಲಿ ಕ್ರೋಮ್ ಎನ್‌ಪಿಎಪಿಐ ಬಾಗಿಲು ಮುಚ್ಚಿತು. 2017ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್ 52 ಫ್ಲ್ಯಾಶ್ ಒಂದನ್ನು ಬಿಟ್ಟು ಮಿಕ್ಕವನ್ನೆಲ್ಲ ಹೊರಗೆ ಹಾಕಿತು. ಅದೇ ವರ್ಷ ಜುಲೈ 25ರಂದು ಅಡೋಬಿ ಫ್ಲ್ಯಾಶ್‌ನ ಕೊನೆಯ ದಿನವನ್ನು ಪ್ರಕಟಿಸಿತು. ಮೂರು ವರ್ಷಕ್ಕಿಂತ ಜಾಸ್ತಿ ಸಮಯ ಕೊಟ್ಟಿದ್ದರು. ಅದು ನ್ಯಾಯವಾದ ನಡೆ ಅಂತಲೇ ನನ್ನ ಅಭಿಪ್ರಾಯ.

ಪ್ಲೇಯರ್ ಹೋದದ್ದಕ್ಕೆ ನನಗೆ ದುಃಖ ಇಲ್ಲ. ದುಃಖ ಇರುವುದು ಫ್ಲ್ಯಾಶ್ ತಯಾರಿಸುವ ಸಾಫ್ಟ್‌ವೇರ್‌ನಲ್ಲಿದ್ದ ಆ ಟೈಮ್‌ಲೈನ್‌ಗೆ, ಅಂದರೆ ಫ್ರೇಮ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿಗೆ. ಒಂದನೇ ಫ್ರೇಮ್‌ನಲ್ಲಿ ಚಂದ್ರನನ್ನು ಇಲ್ಲಿ ಇಡು, ನಲವತ್ತನೇ ಫ್ರೇಮ್‌ನಲ್ಲಿ ಅಲ್ಲಿ ಇಡು, ನಡುವಿನ ಫ್ರೇಮ್‌ಗಳನ್ನು ತುಂಬುವ ‘ಟ್ವೀನ್’ ಆಜ್ಞೆ ಕೊಡು, ಚಂದ್ರ ನಡೆದ. ಆ ಫ್ರೇಮಿಗೇ ಒಂದು ಸಾಲು ಕೋಡ್ ಬರೆ, ನಿಂತ. ಚಿತ್ರ ಬರೆಯುವವರು ಕೋಡ್ ಕಲಿತದ್ದು ಹೀಗೆ, ಕೋಡ್ ಬರೆಯುವವರು ಚಿತ್ರ ಕಲಿತದ್ದೂ ಹೀಗೆ. ಚಿತ್ರ ಬಿಡಿಸುವ ಕ್ಯಾನ್ವಾಸ್, ವೆಬ್‌ಜಿಎಲ್, ವೇಗವಾಗಿ ಕೋಡ್ ಓಡಿಸುವ ವೆಬ್‌ಅಸೆಂಬ್ಲಿ ಎಲ್ಲ ಇವತ್ತಿನ ಬ್ರೌಸರ್‌ಗೆ ತಾನಾಗಿಯೇ ಬರುತ್ತದೆ. ಶಕ್ತಿ ಹತ್ತು ಪಟ್ಟಾಗಿದೆ. ಆದರೆ ಅಷ್ಟು ಸಲೀಸಾಗಿ ಹೊಸಬರನ್ನು ಒಳಗೆ ಕರೆದುಕೊಂಡ ಸಲಕರಣೆ ಅದರ ಜಾಗಕ್ಕೆ ಬಂದಿಲ್ಲ. ನೀನು ಓದು ಮುಗಿಸಿ ಏನು ಕಟ್ಟಲಿ ಅಂತ ಯೋಚಿಸುವಾಗ ಇದನ್ನು ನೆನಪಿಟ್ಟುಕೋ.

ಪ್ರಶ್ನೆ: ಪ್ಲಗ್-ಇನ್‌ಗಳೆಲ್ಲ ಹೋದವು ಅನ್ನುತ್ತೀರಿ. ನನ್ನ ಬ್ರೌಸರ್‌ನಲ್ಲಿ ಜಾಹೀರಾತು ತಡೆಯುವುದು, ಪಾಸ್‌ವರ್ಡ್ ಇಡುವುದು ಎಲ್ಲ ಹಾಗೇ ಇವೆಯಲ್ಲ?

ಉತ್ತರ: ಅವು ಎಕ್ಸ್‌ಟೆನ್ಶನ್‌ಗಳು. ಬ್ರೌಸರ್ ಹಾಕಿದ ಗೆರೆಯೊಳಗೆ, ಬ್ರೌಸರ್ ಕೊಟ್ಟ ಅನುಮತಿಯಲ್ಲಿ ಓಡುತ್ತವೆ. ಪ್ಲಗ್-ಇನ್ ಆ ಗೆರೆಯ ಹೊರಗಿನದು. ಆದರೂ ಯಾವ ಎಕ್ಸ್‌ಟೆನ್ಶನ್ ಯಾವ ಅನುಮತಿ ಕೇಳಿದೆ ಅಂತ ಆಗಾಗ ನೋಡಿ. ಬಳಸದ್ದನ್ನು ಸುಮ್ನೆ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ನಮ್ಮ ಆಫೀಸಿನ ಕ್ಯಾಮೆರಾ ರೆಕಾರ್ಡರ್‌ನ ಪುಟ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ತೆರೆಯುತ್ತಿತ್ತು. ಬೇರೆ ಬ್ರೌಸರ್‌ನಲ್ಲಿ ಲಾಗಿನ್ ಆಗುತ್ತದೆ, ಚಿತ್ರ ಬರುವ ಜಾಗ ಖಾಲಿ. ಈಗ ಎಕ್ಸ್‌ಪ್ಲೋರರ್ ಒತ್ತಿದರೂ ಎಡ್ಜ್ ತೆರೆಯುತ್ತದೆ. ಆಡಳಿತ ವಿಭಾಗದವನು, ತಾಂತ್ರಿಕ ಜ್ಞಾನ ಕಡಿಮೆ.

ಉತ್ತರ: ಆ ಖಾಲಿ ಜಾಗವೇ ಆ್ಯಕ್ಟಿವ್‌ಎಕ್ಸ್ ಕೂರುತ್ತಿದ್ದ ಜಾಗ ಸರ್. ಎಕ್ಸ್‌ಪ್ಲೋರರ್ 11ಕ್ಕೆ ಮೈಕ್ರೋಸಾಫ್ಟ್ 2022ರ ಜೂನ್ 15ರಂದು ವಿದಾಯ ಹೇಳಿತು. 2023ರ ಫೆಬ್ರುವರಿ 14ರ ಎಡ್ಜ್ ಅಪ್‌ಡೇಟ್ ಬಂದಮೇಲೆ ವಿಂಡೋಸ್ 10ರಲ್ಲಿ ಅದು ತೆರೆಯುವುದೂ ನಿಂತಿತು. ಆದರೆ ಒಳಗಿನ ಎಂಜಿನ್ ಎಡ್ಜ್‌ನಲ್ಲಿ ಐಇ (ಇಂಟರ್ನೆಟ್ ಎಕ್ಸ್‌ಪ್ಲೋರರ್) ಮೋಡ್ ಅಂತ ಇನ್ನೂ ಇದೆ. ಕನಿಷ್ಠ 2029ರವರೆಗೆ ಇಡುತ್ತೇವೆ ಅಂತ ಮೈಕ್ರೋಸಾಫ್ಟ್ ಹೇಳಿದೆ. ಆ್ಯಕ್ಟಿವ್‌ಎಕ್ಸ್ ಅದರಲ್ಲಿ ಓಡುತ್ತದೆ.

ಎಡ್ಜ್ ಸೆಟ್ಟಿಂಗ್ಸ್‌ಗೆ ಹೋಗಿ, ಡೀಫಾಲ್ಟ್ ಬ್ರೌಸರ್ ಅನ್ನುವ ಭಾಗ ತೆರೆಯಿರಿ. ಸೈಟ್‌ಗಳನ್ನು ಐಇ ಮೋಡ್‌ನಲ್ಲಿ ಮತ್ತೆ ಲೋಡ್ ಮಾಡಲು ಅನುಮತಿ ಕೊಡುವ ಸಾಲು ಅಲ್ಲಿದೆ. ಅದನ್ನು ಆನ್ ಮಾಡಿ. ಕೆಳಗಿನ ಪಟ್ಟಿಗೆ ರೆಕಾರ್ಡರ್‌ನ ವಿಳಾಸ ಸೇರಿಸಿ, ಬ್ರೌಸರ್ ಮುಚ್ಚಿ ತೆರೆಯಿರಿ. ಇದರಲ್ಲೊಂದು ಕಿರಿಕಿರಿ ಇದೆ: ಹೀಗೆ ಕೈಯಲ್ಲಿ ಸೇರಿಸಿದ ವಿಳಾಸ 30 ದಿನಕ್ಕೆ ಪಟ್ಟಿಯಿಂದ ಬಿದ್ದುಹೋಗುತ್ತದೆ. ‘ಮೊನ್ನೆ ಬರುತ್ತಿತ್ತು, ಇವತ್ತು ಇಲ್ಲ’ ಅಂತ ಗಾಬರಿಯಾಗಬೇಡಿ, ಮತ್ತೆ ಸೇರಿಸಿದರಾಯಿತು. ನಿಮ್ಮಲ್ಲಿ ಐಟಿ ವಿಭಾಗ ಇದ್ದರೆ ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಪಟ್ಟಿ ಮಾಡಿ ಹಾಕುತ್ತಾರೆ. ಅದಕ್ಕೆ ಈ ಗಡುವು ಇಲ್ಲ.

ಇದು ತಾತ್ಕಾಲಿಕ. ಐಇ ಮೋಡ್‌ನಲ್ಲಿ ಆ ಒಂದು ವಿಳಾಸ ಬಿಟ್ಟು ಬೇರೇನೂ ತೆರೆಯಬೇಡಿ. ರೆಕಾರ್ಡರ್‌ಗೆ ಹೊಸ ಫರ್ಮ್‌ವೇರ್ (ಅದರೊಳಗೆ ಕೂತಿರುವ ಸಾಫ್ಟ್‌ವೇರ್) ಬಂದಿದೆಯಾ ತಯಾರಕರ ತಾಣದಲ್ಲಿ ನೋಡಿ. ಹಲವು ಕಂಪನಿಗಳು ಪ್ಲಗ್-ಇನ್ ಬೇಡದ ಪುಟ ಮಾಡಿವೆ. ಇಲ್ಲದಿದ್ದರೆ ರೆಕಾರ್ಡರ್‌ನ ಸೆಟ್ಟಿಂಗ್ಸ್‌ನಲ್ಲಿ ಆರ್‌ಟಿಎಸ್‌ಪಿ ಅಥವಾ ಆನ್‌ವಿಫ್ ಅನ್ನುವ ಹೆಸರು ಹುಡುಕಿ. ಕ್ಯಾಮೆರಾದ ವಿಡಿಯೊವನ್ನು ಬೇರೆ ಪ್ರೋಗ್ರಾಂಗಳಿಗೆ ಕೊಡುವ ಮಾನಕ ವಿಧಾನಗಳು ಅವು. ಇದ್ದರೆ ವಿಎಲ್‌ಸಿಯಂಥ ಪ್ಲೇಯರ್‌ನಲ್ಲೇ ಕ್ಯಾಮೆರಾ ನೋಡಬಹುದು, ಬ್ರೌಸರ್ ಗೊಡವೆಯೇ ಇಲ್ಲ. ಇನ್ನೊಂದು ಮಾತು: ಮನೆಯಿಂದ ನೋಡಲಿಕ್ಕೆ ಅಂತ ಈ ಹಳೆ ಪುಟವನ್ನು ನೇರ ಇಂಟರ್ನೆಟ್‌ಗೆ ತೆರೆದಿಟ್ಟಿದ್ದರೆ ಇವತ್ತೇ ಮುಚ್ಚಿಸಿ.

ಇಂಥದ್ದರಲ್ಲಿ ಸಿಕ್ಕಿಕೊಂಡವರು ನೀವೊಬ್ಬರೇ ಅಲ್ಲ. ದಕ್ಷಿಣ ಕೊರಿಯಾ 1990ರ ದಶಕದ ಕೊನೆಗೆ ಸೀಡ್ ಅನ್ನುವ ತನ್ನದೇ ಗೂಢಲಿಪಿ ಮಾಡಿಕೊಂಡಿತು. ಬ್ರೌಸರ್‌ಗಳಿಗೆ ಅದು ಬರುತ್ತಿರಲಿಲ್ಲ, ಹಾಗಾಗಿ ಆ್ಯಕ್ಟಿವ್‌ಎಕ್ಸ್ ಮೂಲಕ ತುಂಬಿದರು. ಬ್ಯಾಂಕು, ಖರೀದಿ, ಸರ್ಕಾರಿ ಕೆಲಸ ಎಲ್ಲದಕ್ಕೂ ಜನ ವರ್ಷಗಟ್ಟಲೆ ಎಕ್ಸ್‌ಪ್ಲೋರರ್‌ಗೇ ಅಂಟಿಕೊಳ್ಳಬೇಕಾಯಿತು. ಈ ಕೆಲಸಗಳಲ್ಲಿ ಗುರುತು ತೋರಿಸಲು ಜನ ಬಳಸುತ್ತಿದ್ದ ಡಿಜಿಟಲ್ ಸರ್ಟಿಫಿಕೇಟ್‌ಗೆ ಕಾನೂನು ಕೊಟ್ಟಿದ್ದ ವಿಶೇಷ ಸ್ಥಾನ ಹೋದದ್ದು 2020ರ ಡಿಸೆಂಬರ್‌ನಲ್ಲಿ. ದಕ್ಷಿಣ ಆಫ್ರಿಕಾದ ತೆರಿಗೆ ಇಲಾಖೆಯಂತೂ ಫ್ಲ್ಯಾಶ್ ನಿಂತ ಜನವರಿಯಲ್ಲಿ, ತನ್ನ ಫಾರ್ಮ್‌ಗಳನ್ನು ತುಂಬಲಿಕ್ಕೆ ಫ್ಲ್ಯಾಶ್ ಇರುವ ತನ್ನದೇ ಒಂದು ಬ್ರೌಸರ್ ಹೊರತಂದಿತು.

ಪ್ರಶ್ನೆ: ಒಂದು ಪರೀಕ್ಷಾ ಪ್ರಯೋಗಾಲಯ ನೋಡಿಕೊಳ್ಳುತ್ತೇನೆ. ನಮ್ಮ ಒಂದು ಅಳತೆ ಯಂತ್ರ ಇವತ್ತಿಗೂ ಕರಾರುವಾಕ್ಕು. ಆದರೆ ಅದರ ಸಾಫ್ಟ್‌ವೇರ್ ವಿಂಡೋಸ್ ಎಕ್ಸ್‌ಪಿಯಲ್ಲಿ ಮಾತ್ರ ಓಡುತ್ತದೆ, ಫಲಿತಾಂಶದ ಪುಟಕ್ಕೆ ಜಾವಾ ಆ್ಯಪ್ಲೆಟ್ ಬೇಕು. ತಯಾರಕರು ಮುಚ್ಚಿಕೊಂಡು ಹೋಗಿದ್ದಾರೆ. ಎಲ್ಲರೂ ಎಸೆಯಿರಿ ಅನ್ನುತ್ತಾರೆ. ನಿಮ್ಮ ಸಲಹೆ?

ಉತ್ತರ: ಎಸೆಯಬೇಡಿ ಸರ್. ಹಳೆಯದು ಅಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಕೋಬಾಲ್ ಭಾಷೆ 1959ರದ್ದು. 2020ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ನಿರುದ್ಯೋಗ ಭತ್ಯೆಯ ಅರ್ಜಿಗಳು ರಾಶಿ ಬಿದ್ದಾಗ, ಕೋಬಾಲ್ ಬಲ್ಲವರು ಯಾರಾದರೂ ಬನ್ನಿ ಅಂತ ಅಲ್ಲಿನ ಗವರ್ನರ್ ಕರೆದರು. ಕೆಲಸ ಮಾಡುವ ಯಂತ್ರಕ್ಕೂ ಅದನ್ನು ಬಲ್ಲವರಿಗೂ ಬೆಲೆ ಇದ್ದೇ ಇರುತ್ತದೆ.

ಆದರೆ ಅಪಾಯವನ್ನು ಅಪಾಯ ಅಂತಲೇ ನೋಡಬೇಕು. ಎಕ್ಸ್‌ಪಿಗೆ 2014ರ ಏಪ್ರಿಲ್ 8ರ ನಂತರ ಮಾಮೂಲಿ ಭದ್ರತಾ ರಿಪೇರಿ ಇಲ್ಲ. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿದ 2017ರ ಮೇ ತಿಂಗಳ ವಾನ್ನಾಕ್ರೈ ದಾಳಿ ನಿಮಗೆ ನೆನಪಿರಬಹುದು. ಅದು ಬಳಸಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ರಿಪೇರಿ ಕೊಟ್ಟಿತ್ತು. ಹಾಕಿಕೊಳ್ಳದೆ ಉಳಿದ ಕಂಪ್ಯೂಟರ್‌ಗಳಿಂದ ಕಂಪ್ಯೂಟರ್‌ಗಳಿಗೆ ತಾನಾಗಿಯೇ ಹರಡಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳ ಅಪಾಯಿಂಟ್‌ಮೆಂಟ್‌ಗಳನ್ನು ರದ್ದು ಮಾಡಬೇಕಾಯಿತು. ಯಾರೂ ಏನನ್ನೂ ಒತ್ತಬೇಕಾಗಿರಲಿಲ್ಲ, ನೆಟ್‌ವರ್ಕ್ ತಂತಿ ಸಿಕ್ಕಿಸಿದ್ದರೆ ಸಾಕಿತ್ತು. ಹಾಗಾಗಿ ಮೊದಲ ಕೆಲಸ: ಆ ಕಂಪ್ಯೂಟರ್‌ನ ತಂತಿ ಕೀಳಿ. ಮೇಲ್, ಇಂಟರ್ನೆಟ್ ಯಾವುದೂ ಅದರಲ್ಲಿ ಬೇಡ. ಫಲಿತಾಂಶ ಹೊರಗೆ ತರಲು ಒಂದೇ ಪೆನ್ ಡ್ರೈವ್ ಮೀಸಲಿಡಿ, ಹೊಸ ಕಂಪ್ಯೂಟರ್‌ನಲ್ಲಿ ಪ್ರತಿ ಸಲ ಸ್ಕ್ಯಾನ್ ಮಾಡಿ.

ಎರಡನೆಯದು, ಆ ಹಾರ್ಡ್ ಡಿಸ್ಕ್‌ನ ಪೂರ್ತಿ ಇಮೇಜ್ (ಇಡೀ ಡಿಸ್ಕಿನ ಯಥಾವತ್ ನಕಲು) ತೆಗೆದು ಎರಡು ಕಡೆ ಇಡಿ. ನನಗೆ ಇದರಷ್ಟು ತುರ್ತಿನದು ಬೇರೆ ಕಾಣುವುದಿಲ್ಲ. ನಿಮ್ಮ ಯಂತ್ರ ಗಟ್ಟಿ ಇದೆ, ಸಾಫ್ಟ್‌ವೇರ್ ಸವೆಯುವುದಿಲ್ಲ, ಆದರೆ ನಡುವೆ ತಿರುಗುವ ಆ ಹಳೆ ಡಿಸ್ಕ್ ಯಾವತ್ತು ಬೇಕಾದರೂ ನಿಲ್ಲಬಹುದು. ಇಮೇಜ್ ಇದ್ದರೆ ಅದನ್ನು ಹೊಸ ಕಂಪ್ಯೂಟರ್‌ನೊಳಗೆ ವರ್ಚುವಲ್ ಯಂತ್ರವಾಗಿ, ಅಂದರೆ ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ಕಂಪ್ಯೂಟರ್ ಆಗಿ, ಓಡಿಸಿ ನೋಡಬಹುದು. ಯಂತ್ರದ ಜೊತೆ ಬಂದ ವಿಶೇಷ ಕಾರ್ಡ್ ಇದ್ದರೆ ಇದು ಕಷ್ಟ. ಸೀರಿಯಲ್ ಪೋರ್ಟ್ ಆದರೆ ಬಹುಮಟ್ಟಿಗೆ ಸಾಧ್ಯ.

ಸೀರಿಯಲ್ ಪೋರ್ಟ್ ಅಂದೆ ನೋಡಿ, ಅದೇ ನಿಮ್ಮ ದೊಡ್ಡ ಆಸರೆ ಆಗಬಹುದು. ಯಂತ್ರದ ಹಿಂದೆ ಒಂಬತ್ತು ಪಿನ್ನಿನ ಸಾಕೆಟ್ ಇದೆಯಾ? ಕೈಪಿಡಿಯ ಕೊನೆಯ ಪುಟಗಳಲ್ಲಿ ‘9600, 8, ಎನ್, 1’ ಅಂತ ಏನಾದರೂ ಬರೆದಿದೆಯಾ? ಅದು ಯಂತ್ರ ಮಾತಾಡುವ ವೇಗ ಮತ್ತು ರೀತಿ: ಸೆಕೆಂಡಿಗೆ 9600 ಬಿಟ್, ಒಂದೊಂದು ಅಕ್ಷರಕ್ಕೆ 8 ಬಿಟ್, ಪ್ಯಾರಿಟಿ ಇಲ್ಲ, ಒಂದು ಸ್ಟಾಪ್ ಬಿಟ್. ಇಷ್ಟು ಗೊತ್ತಾದರೆ ಒಂದು ಯುಎಸ್‌ಬಿ-ಸೀರಿಯಲ್ ತಂತಿ ಸಿಕ್ಕಿಸಿ, ಪೈಥಾನ್ ಬಲ್ಲ ಯಾರಿಂದಲಾದರೂ ಚಿಕ್ಕ ಪ್ರೋಗ್ರಾಂ ಬರೆಸಿ. ಎಷ್ಟೋ ಹಳೆ ಅಳತೆ ಯಂತ್ರಗಳು ಅಂಕಿಗಳನ್ನು ಸರಳ ಅಕ್ಷರಗಳಲ್ಲೇ ಕಳಿಸುತ್ತವೆ. ಹಾಗಾದರೆ ಎಕ್ಸ್‌ಪಿಯೂ ಬೇಡ, ಆ್ಯಪ್ಲೆಟ್ಟೂ ಬೇಡ.

ಆ್ಯಪ್ಲೆಟ್‌ಗೆ ಸದ್ಯದ ದಾರಿ: ಜಾವಾ 8ರ ಜೊತೆಗೆ ಫೈರ್‌ಫಾಕ್ಸ್ 52ರ ದೀರ್ಘಾವಧಿ ಆವೃತ್ತಿ. ಜಾವಾ ಪ್ಲಗ್-ಇನ್ ಒಪ್ಪಿಕೊಂಡ ಫೈರ್‌ಫಾಕ್ಸ್‌ಗಳಲ್ಲಿ ಅದೇ ಕೊನೆಯದು. ಜಾವಾ ಕಡೆಯಿಂದಲೂ 2018ರ ಆವೃತ್ತಿ 11ರಲ್ಲಿ ಪ್ಲಗ್-ಇನ್ ತೆಗೆದುಹಾಕಿದರು. ಈ ಜೋಡಿಯನ್ನು ವಿಂಡೋಸ್ 7ರ ವರ್ಚುವಲ್ ಯಂತ್ರದೊಳಗೆ ಮಾತ್ರ ಇಡಿ. ಹೊರಗಿನ ಇಂಟರ್ನೆಟ್ ಅದಕ್ಕೆ ಸಿಗಬಾರದು.

ಇಷ್ಟು ವರ್ಷದ ಫಲಿತಾಂಶಗಳನ್ನು ಸಿಎಸ್‌ವಿ ಫೈಲಾಗಿ, ಅಂದರೆ ಅಲ್ಪವಿರಾಮದಿಂದ ಬೇರೆ ಮಾಡಿದ ಸರಳ ಅಕ್ಷರಗಳ ಪಟ್ಟಿಯಾಗಿ, ಹೊರತೆಗೆಯಿರಿ. ತೆಗೆದಮೇಲೆ ಮೊದಲ ಸಾಲು, ಕೊನೆಯ ಸಾಲು, ನಡುವಿನ ಒಂದಷ್ಟು ಸಾಲುಗಳನ್ನು ಪರದೆಯ ಮೇಲಿನ ಅಂಕಿಯೊಂದಿಗೆ ಕೂತು ಹೋಲಿಸಿ. ತಾರೀಖುಗಳನ್ನು ಜಾಸ್ತಿ ಗಮನ ಇಟ್ಟು ನೋಡಿ. 03-04-05 ಅಂತ ಬರೆದದ್ದು ಮಾರ್ಚೋ ಏಪ್ರಿಲ್ಲೋ ಅನ್ನುವುದು ಇವತ್ತು ನಿಮಗೆ ಗೊತ್ತು. ನಿಮ್ಮ ನಂತರ ಬಂದವರಿಗೆ ಗೊತ್ತಾಗಲು ಅದೇ ಫೋಲ್ಡರಿನಲ್ಲಿ ಒಂದು ಟಿಪ್ಪಣಿ ಬರೆದಿಡಿ.

ಪ್ರಶ್ನೆ: ಚಿಕ್ಕವನಿದ್ದಾಗ ಆಡಿದ ಫ್ಲ್ಯಾಶ್ ಆಟಗಳೆಲ್ಲ ಹೋಗಿಯೇಬಿಟ್ಟವಾ?

ಉತ್ತರ: ಬಹಳಷ್ಟು ಉಳಿದಿವೆ. ಇಂಟರ್ನೆಟ್ ಆರ್ಕೈವ್ 2020ರ ನವೆಂಬರ್‌ನಿಂದ ಫ್ಲ್ಯಾಶ್ ಆಟ, ಅನಿಮೇಶನ್‌ಗಳನ್ನು ರಫಲ್ ಮೂಲಕ ಬ್ರೌಸರ್‌ನಲ್ಲೇ ಓಡಿಸುತ್ತಿದೆ. ಫ್ಲ್ಯಾಶ್‌ಪಾಯಿಂಟ್ ಅನ್ನುವ ಯೋಜನೆ 2018ರಲ್ಲಿ ಶುರುವಾಯಿತು. ಅದರ ಸ್ವಯಂಸೇವಕರು ಫ್ಲ್ಯಾಶ್ ಅಷ್ಟೇ ಅಲ್ಲ, ಶಾಕ್‌ವೇವ್, ಜಾವಾ ಆ್ಯಪ್ಲೆಟ್, ಯೂನಿಟಿ ವೆಬ್ ಪ್ಲೇಯರ್ ಆಟಗಳನ್ನೂ ಕೂಡಿಸಿಟ್ಟಿದ್ದಾರೆ. ಕೂಲಿ ಇಲ್ಲದೆ, ಹೆಸರಿಗೆ ಆಸೆಪಡದೆ ಮಾಡಿದ ಈ ಕೆಲಸಕ್ಕೆ ನಾನು ತಲೆಬಾಗುತ್ತೇನೆ.

ಉಳಿಯದೇ ಹೋದದ್ದು ಸರ್ವರ್ ಮೇಲೆ ನಿಂತಿದ್ದ ಆಟಗಳು. ಬೇಸಾಯದ ಆಟ ಫಾರ್ಮ್‌ವಿಲ್ 2020ರ ಡಿಸೆಂಬರ್ 31ಕ್ಕೆ, ಫ್ಲ್ಯಾಶ್ ಮುಗಿದ ದಿನವೇ, ಬಾಗಿಲು ಹಾಕಿತು. ಅಂಥ ಆಟದ ಫೈಲು ನಿಮ್ಮ ಕೈಗೆ ಸಿಕ್ಕರೂ ನೀವು ಬಿತ್ತಿದ ಹೊಲ ಅದರಲ್ಲಿರುವುದಿಲ್ಲ. ಅದು ಕಂಪನಿಯ ಕಂಪ್ಯೂಟರ್‌ನಲ್ಲಿತ್ತು.

ಪ್ರಶ್ನೆ: ನಮ್ಮ ಸಂಸ್ಥೆಯ ತರಬೇತಿ ವಿಡಿಯೊಗಳು ಸಿಲ್ವರ್‌ಲೈಟ್ ಪುಟವೊಂದರಲ್ಲಿವೆ. ಈಗ ಯಾವ ಬ್ರೌಸರ್‌ನಲ್ಲೂ ಬರುವುದಿಲ್ಲ. ಆ ಸರ್ವರನ್ನೇ ತೆಗೆದುಹಾಕುವ ಮಾತು ನಡೆದಿದೆ. ವಿಡಿಯೊ ಉಳಿಸಿಕೊಳ್ಳಬಹುದೇ?

ಉತ್ತರ: ಸರ್ವರ್ ತೆಗೆಯುವುದನ್ನು ಮೊದಲು ನಿಲ್ಲಿಸಿ. ಸಿಲ್ವರ್‌ಲೈಟ್ 2007ರಲ್ಲಿ ಬಂತು, 2021ರ ಅಕ್ಟೋಬರ್ 12ಕ್ಕೆ ಅದರ ಬೆಂಬಲ ಮುಗಿಯಿತು. ಆದರೆ ಸಿಲ್ವರ್‌ಲೈಟ್ ವಿಡಿಯೊ ಅಲ್ಲ, ವಿಡಿಯೊ ತೋರಿಸುತ್ತಿದ್ದ ಕಿಟಕಿ. ವಿಡಿಯೊ ಫೈಲುಗಳು ಸರ್ವರ್‌ನ ಯಾವುದೋ ಫೋಲ್ಡರಿನಲ್ಲಿ ಬೇರೆಯಾಗಿಯೇ ಇರುತ್ತವೆ. ಸರ್ವರ್ ನೋಡಿಕೊಳ್ಳುವವರಿಗೆ ‘ಡಬ್ಲ್ಯೂಎಂವಿ, ಎಂಪಿ4, ಐಎಸ್‌ಎಂವಿ ಎಂದು ಕೊನೆಯಾಗುವ ಫೈಲುಗಳನ್ನೆಲ್ಲ ಹುಡುಕಿ ಕೊಡಿ’ ಅಂತ ಬರೆದು ಕೇಳಿ. ಜೊತೆಗೆ ‘ಎಕ್ಸ್‌ಎಪಿ’ ಫೈಲನ್ನೂ ಕೇಳಿ. ಅದು ಅಸಲಿಗೆ ಒಂದು ಝಿಪ್. ಹೆಸರಿನ ಕೊನೆಯನ್ನು ಝಿಪ್ ಅಂತ ಬದಲಿಸಿ ತೆರೆದರೆ ಒಳಗಿನ ಫೈಲುಗಳು ಕಾಣುತ್ತವೆ. ಯಾವ ವಿಡಿಯೊಗೆ ಯಾವ ಶೀರ್ಷಿಕೆ ಅನ್ನುವ ಪಟ್ಟಿ ಕೆಲವೊಮ್ಮೆ ಅದರೊಳಗೇ ಸಿಗುತ್ತದೆ.

ಫೈಲುಗಳು ಸಿಕ್ಕಮೇಲೆ ವಿಎಲ್‌ಸಿಯಲ್ಲಿ ತೆರೆದು ನೋಡಿ. ಓಡಿದರೆ ಎಂಪಿ4 ಮಾಡಿಕೊಳ್ಳಿ, ಮೂಲವನ್ನೂ ಇಟ್ಟುಕೊಳ್ಳಿ. ಕೆಲವಕ್ಕೆ ನಕಲು ತಡೆಯುವ ಬೀಗ ಹಾಕಿರಬಹುದು. ಹಾಗಿದ್ದರೆ ಅದನ್ನು ತೆಗೆಯುವ ಹಕ್ಕು ನಿಮ್ಮ ಸಂಸ್ಥೆಯದೋ, ವಿಡಿಯೊ ಮಾಡಿಕೊಟ್ಟವರದೋ ಅಂತ ಹಳೆ ಒಪ್ಪಂದ ತೆಗೆದು ನೋಡಿ. ಮಾಡಿಕೊಟ್ಟವರ ಹತ್ತಿರ ಬೀಗವಿಲ್ಲದ ಪ್ರತಿ ಇರುವ ಸಾಧ್ಯತೆ ಜಾಸ್ತಿ. ಪರದೆಯ ಮೇಲೆ ಯಾವುದಾದರೂ ದೋಷದ ಸಂದೇಶ ಬಂದರೆ ಅದನ್ನು ಅಕ್ಷರ ಬಿಡದೆ ನಕಲು ಮಾಡಿ ನನಗೆ ಮತ್ತೆ ಬರೆಯಿರಿ.